ಫೋಟೊ ಇರುವಾಗ ಹರ್ಬೇರಿಯಂ ಹಾಳೆ ಯಾಕೆ?

ಎಂಎಸ್ಸಿ ಬಾಟನಿಗೆ 50 ಗಿಡ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಲೇಬಲ್ ಹಾಕಿ ಕೊಡಬೇಕು (ಇದೇ ಹರ್ಬೇರಿಯಂ ಹಾಳೆ), ಮೊಬೈಲ್ ಫೋಟೊ ಸಾಕಲ್ವಾ ಅಂತ ಕೇಳಿದ್ದೀರಿ. ನಾನೂ ಹೀಗೇ ಗೊಣಗಿದವನು.

ಮೂರನೇ ಸೆಮಿಸ್ಟರ್‌ನಲ್ಲಿ ಡಿಪಾರ್ಟ್‌ಮೆಂಟಿನವರು ಅರಣ್ಯ ಇಲಾಖೆಯ ಅನುಮತಿ ತೆಗೆದು ಆಗುಂಬೆ, ಕುದುರೆಮುಖ ಕಡೆ ಕರೆದುಕೊಂಡು ಹೋಗಿದ್ದರು. ನೀರು ಜಿನುಗುವ ಬಂಡೆ ಮೇಲೆ ಒಂದು ಕಾಡು ಕರ್ಣಕುಂಡಲ (ಬಾಲ್ಸಮ್ ಗಿಡ) ಸಿಕ್ಕಿತು. ಇದರ ಹೂವನ್ನು ಒತ್ತಿಟ್ಟರೆ ಒದ್ದೆ ಟಿಶ್ಯೂ ಥರ ಅಂಟಿಕೊಂಡು ಬಣ್ಣವೇ ಹೋಗುತ್ತದೆ, ಹಾಗಾಗಿ ಬಣ್ಣ, ಜಾಗ, ತಾರೀಕು ಎಲ್ಲ ಅಲ್ಲೇ ಬರೆದುಕೊಳ್ಳಬೇಕು. ಬರೆದೆ. ಎಲ್ಲಿ? ಗಿಡ ಒತ್ತಿಟ್ಟ ನ್ಯೂಸ್‌ಪೇಪರಿನ ಅಂಚಿನಲ್ಲಿ! ಗಿಡಕ್ಕೆ ನಂಬರ್ ಚೀಟಿ ಕಟ್ಟಿ, ಅದೇ ನಂಬರನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕಿತ್ತು. ಮಳೆ, ಸೋಮಾರಿತನ, ರೂಮಿಗೆ ಹೋಗಿ ಮಾಡೋಣ ಅಂದುಕೊಂಡೆ. ನೀರು ತುಂಬಿದ ಗಿಡ ಬೂಸ್ಟು ಹಿಡಿಯಬಾರದು ಅಂತ ರಾತ್ರಿ ನಿದ್ದೆಗಣ್ಣಲ್ಲಿ ಒದ್ದೆ ಪೇಪರ್ ತೆಗೆದು ಒಣ ಪೇಪರ್ ಹಾಕಿದೆ. ಬೆಳಿಗ್ಗೆ ಆ ಹಳೇ ಪೇಪರೆಲ್ಲ ಹೋಮ್‌ಸ್ಟೇಯ ಬಚ್ಚಲ ಒಲೆಗೆ ಹೋಗಿತ್ತು. ಆ ಬಿಸಿನೀರಲ್ಲೇ ಸ್ನಾನ ಮಾಡಿದೆ, ಆಗಲೂ ಹೊಳೆಯಲಿಲ್ಲ.

ಮೇಡಂಗೆ ಹೇಳಲಿಲ್ಲ. ಲೇಬಲ್‌ನಲ್ಲಿ ಅಂದಾಜಿಗೆ 'ಆಗುಂಬೆ' ಅಂತ ಬರೆದೆ, ಮಾರ್ಕ್ಸೂ ಬಂತು. ನಾಲ್ಕು ವರ್ಷದ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗನೊಬ್ಬ ಆ ಹಾಳೆ ನಂಬಿ ಎರಡು ದಿನ ಆಗುಂಬೆಯಲ್ಲಿ ಹುಡುಕಿ, ಜಿಗಣೆ ಕಚ್ಚಿಸಿಕೊಂಡು ಬರಿಗೈಲಿ ಬಂದು ನನಗೆ ಫೋನ್ ಮಾಡಿದ. ಹಳೇ ಫೋಟೊ ತೆಗೆದು ನೋಡಿದರೆ ಗಿಡದ ಹಿಂದೆ ಕುದುರೆಮುಖದ ಹುಲ್ಲುಗುಡ್ಡ.

ಹಾಗಾದ್ರೆ ಫೋಟೊನೇ ಗೆದ್ದಿತು ಅಂತೀರಾ? ಹೂ ಮಸುಕಾಗಿತ್ತು ಕಣ್ರೀ. ಕೊನೆಗೆ ಅವನು ಹಾಳೆಯಲ್ಲಿದ್ದ ಒಂದು ಒಣ ಹೂವನ್ನು ಬಿಸಿನೀರಲ್ಲಿ ನೆನೆಸಿ, ಬಿಡಿಸಿ ನೋಡಿಯೇ ಜಾತಿ ಗುರುತಿಸಿದ್ದು. ಎಲೆ ಚೂರಿನಿಂದ ಡಿಎನ್ಎ ಕೂಡ ತೆಗೆಯಬಹುದು. ಫೋಟೊದಿಂದ ಏನು ತೆಗೀತೀರಿ?

ಅದಕ್ಕೇ ನಿಮ್ಮ 'ಫೋಟೊನಾ, ಹಾಳೆನಾ' ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ, ಎರಡೂ ಬೇಕು. 50 ಮಾಡಲೇಬೇಕು ಅನ್ನೋದು ಜಾಸ್ತಿಯಾಯ್ತು, ನಿಜ. ಸುಮ್ನೆ ರಸ್ತೆ ಬದಿಯ ಲಂಟಾನ ತುಂಬಿಸಿ ಲೆಕ್ಕ ಮುಗಿಸುವ ಬದಲು ಹತ್ತೇ ಮಾಡಿ, ಲೇಬಲ್ ಸರಿಯಾಗಿ ಬರೆಯಿರಿ. ಬೆಂಗಳೂರಲ್ಲಿದ್ದರೆ ಐಐಎಸ್ಸಿಯ ಹರ್ಬೇರಿಯಂಗೆ, ಅಂದರೆ ಇಂಥ ಹಾಳೆಗಳ ಸಂಗ್ರಹಕ್ಕೆ, ಒಮ್ಮೆ ಕೇಳಿಕೊಂಡು ಹೋಗಿ. ಸಸ್ಯಶಾಸ್ತ್ರಜ್ಞರಾದ ಸೆಸಿಲ್ ಸಲ್ಡಾನ್ಹಾ ಮತ್ತು ನಿಕಲ್ಸನ್ ಹಾಸನ ಜಿಲ್ಲೆಯ ಗಿಡಗಳ ಮೇಲೆ 1976ರಲ್ಲಿ ತಂದ ದೊಡ್ಡ ಪುಸ್ತಕ ನಿಂತಿರುವುದು ಇಂಥ ಹಾಳೆಗಳ ಮೇಲೇ.

ಬಾಲ್‌ಪೆನ್ ಬೇಡ, ಪೆನ್ಸಿಲ್ ಒಯ್ಯಿರಿ. ತಪ್ಪಾದರೆ ಹಳೇ ಲೇಬಲ್ ಕೀಳುವ ಹಾಗಿಲ್ಲ, ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಬೇಕು. ನನ್ನ 'ಆಗುಂಬೆ' ಈಗಲೂ ಅಲ್ಲೇ ಇದೆ, ಪಕ್ಕದಲ್ಲಿ ಆ ಹುಡುಗನ ಕೈಬರಹ.