ಮೊದಲು ಶಾಕ್ ನೋಡಿ, ಬಫರ್ ಮಾತು ಆಮೇಲೆ

ಪ್ರಶ್ನೆ: ನನ್ನದು 2009ರ ಮಾರುತಿ ಆಲ್ಟೊ. ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಓಡಾಟ. ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತದೆ. ಮಂಡಗದ್ದೆ ತಿರುವುಗಳಲ್ಲಿ ಜಾಸ್ತಿ ವಾಲುತ್ತದೆ. ಹಿಂದೆ ಮೂವರು ಕೂತರೆ ತಳ ಬಡಿಯುತ್ತದೆ. ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ಹಾಕಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಕಿಸಲಾ ಸರ್?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಹಂಪ್ ದಾಟಿದ ಮೇಲೂ ಕುಣಿಯುತ್ತದೆ ಅಂದ್ರೆ ನನ್ನ ಅನುಮಾನ ಶಾಕ್ ಮೇಲೇ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಒಂದೊಂದು ಮೂಲೆಯನ್ನೂ ಮೈಭಾರ ಹಾಕಿ ಒತ್ತಿ ಬಿಡಿ. ಒಂದು ಸಲ ಎದ್ದು ಕೂತರೆ ಸರಿ. ಮತ್ತೆ ಮತ್ತೆ ಆಡಿದರೆ ಶಾಕ್ ಮುಗಿದಿದೆ. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಳೆಗಾಲದ ಕೆಸರು ಅಲ್ಲೆಲ್ಲ ಮೆತ್ತಿರುತ್ತದೆ, ಒರೆಸಿ. ಶಾಕ್ ಮೈಮೇಲೆ ಎಣ್ಣೆ ಜಿಡ್ಡು ಕಂಡರೆ ಸೀಲ್ ಹೋಗಿದೆ. ಒಂದೇ ಹೋಗಿದ್ದರೂ ಎಡ-ಬಲ ಎರಡನ್ನೂ ಬದಲಿಸಿ.

ಹೇಗೂ ಬಿಚ್ಚುತ್ತೀರಲ್ವಾ, ಶಾಕ್‌ನ ಮೇಲ್ತುದಿಯನ್ನು ಗಾಡಿ ಮೈಗೆ ಹಿಡಿಸುವ ಮೌಂಟಿಂಗ್, ಅದರ ಬೇರಿಂಗ್, ಪೂರ್ತಿ ಒತ್ತಿದಾಗ ಏಟು ತಡೆಯುವ ರಬ್ಬರ್ ತುಂಡು (ಬಂಪ್ ಸ್ಟಾಪರ್) ನೋಡಿಸಿ. ಮುಂದಿನ ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋಯರ್ ಆರ್ಮ್‌ನ ಬುಷ್ ರಬ್ಬರ್ ಸೀಳಿದ್ದರೆ ಹೊಸ ಶಾಕ್ ಹಾಕಿದರೂ ಟಕ್ ಟಕ್ ಸದ್ದು ಹೋಗುವುದಿಲ್ಲ. ಬಿಡಿಭಾಗಗಳು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಸಿಗುತ್ತವೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟಯರ್ ಒಂದು ಕಡೆ ತಿಂದುಹೋಗುತ್ತದೆ.

ಬಫರ್ ಯಾಕೆ ಬೇಡ? ಅದನ್ನು ಸಿಕ್ಕಿಸಿದ ಕಡೆ ಸ್ಪ್ರಿಂಗ್ ಸುರುಳಿ ಕೆಲಸ ಮಾಡುವುದಿಲ್ಲ, ಹೊರೆಯೆಲ್ಲ ಉಳಿದ ಸುರುಳಿಗಳ ಮೇಲೆ. ರಬ್ಬರ್ ಸಂದಿಗೆ ಮರಳು, ನೀರು ಸೇರಿ ಪೇಂಟ್ ತಿಕ್ಕಿ ತುಕ್ಕು ಹಿಡಿಯುತ್ತದೆ. ಗಾಡಿ ಎತ್ತರವೇನೋ ಆಗುತ್ತದೆ, ಆದರೆ ಗಟ್ಟಿಯಾದ ಸ್ಪ್ರಿಂಗನ್ನು ಸೋತ ಶಾಕ್ ಹಿಡಿಯಲಾರದು. ನಿಮ್ಮ ಆಲ್ಟೊದ ಹಿಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್. ಒಂದು ಚಕ್ರ ಗುಂಡಿಗೆ ಬಿದ್ದರೆ ಏಟು ಇನ್ನೊಂದಕ್ಕೂ ತಟ್ಟುತ್ತದೆ. ಮಳೆಯಲ್ಲಿ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವಾಗ ಹಿಂದಿನ ಚಕ್ರ ಪುಟಿದರೆ ಹಿಡಿತವೇ ಇರುವುದಿಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಗಾಡಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಶಾಕ್ ಹೊಸದಾದ ಮೇಲೂ ತಳ ಬಡಿದರೆ ಖಾಲಿ ಗಾಡಿಯಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎಡ-ಬಲ ಅಳತೆ ಬೇರೆಯಾಗಿದ್ದರೆ, ಅಥವಾ ಇದೇ ಮಾದರಿಯ ಒಳ್ಳೆ ಗಾಡಿಗಿಂತ ತಗ್ಗಿದ್ದರೆ, ಸ್ಪ್ರಿಂಗ್ ಕುಸಿದಿದೆ. ಆಗ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಜೋಡಿಯನ್ನೇ ಹಾಕಿಸಿ.