"ಅಪ್ಪನಿಗೆ ಹೇಳಬೇಡಿ ಮೇಡಂ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಾನು ಡಾಕ್ಟರಲ್ಲ, ಆಸ್ಪತ್ರೆಯಲ್ಲಿ ರೋಗಿಗಳ, ಮನೆಯವರ ಜೊತೆ ಕೂತು ಮಾತಾಡುವವಳು. ಮಗ ಮೊದಲು ಒಬ್ಬರೇ ಒಳಗೆ ಬಂದರು. "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಮೇಡಂ, ಎದೆ ಒಡ್ಕೊಂಡುಬಿಡ್ತಾರೆ." ಅಪ್ಪನಿಗೆ 69 ವರ್ಷ, ನಿವೃತ್ತ ಬಸ್ ಕಂಡಕ್ಟರ್. ಸೊಂಟನೋವು ಅಂತ ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡಿದ್ದರು. ಪಿಎಸ್‌ಎ (ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ತಿಳಿಯುವ ರಕ್ತಪರೀಕ್ಷೆ) 300 ದಾಟಿತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು.

ಮಗನ ಸಂಕಟ ನನಗೆ ಅರ್ಥವಾಯಿತು. ಆದರೂ, ಅವರಾಗಿ ಕೇಳಿದರೆ ಸುಳ್ಳು ಹೇಳಲಾರೆ ಎಂದೆ. ಆಮೇಲೆ ಅಪ್ಪನನ್ನು ಕೂರಿಸಿಕೊಂಡು, "ನಿಮಗೆ ಏನಾಗಿದೆ ಅಂದ್ಕೊಂಡಿದೀರಿ?" ಎಂದು ಕೇಳಿದೆ. ಅಂಗಿ ಜೇಬಿನಿಂದ ಹರಿದ ಕ್ಯಾಲೆಂಡರ್ ಹಾಳೆ ತೆಗೆದರು. ಹಿಂಬದಿಯಲ್ಲಿ ಪುಟ್ಟ ಅಕ್ಷರದ ಮೂರು ಸಾಲು: ಗುಣ ಆಗುತ್ತಾ? ಬೀಜ ತೆಗೀತಾರಂತೆ, ಹೌದಾ? ಎಷ್ಟು ದಿನ?

"ಆಸ್ಪತ್ರೆ ಬೋರ್ಡು ಓದೋಕೆ ಬರುತ್ತಲ್ಲ ತಾಯಿ. ಮಗ ಹೆದರಿದಾನೆ, ಅದಕ್ಕೇ ಸುಮ್ಮನಿದ್ದೆ."

ಆ ಹಾಳೆಯನ್ನೇ ಡಾಕ್ಟರ ಮುಂದಿಡಿ ಎಂದೆ. ಎರಡನೇ ಪ್ರಶ್ನೆಯನ್ನು ನಾಚಿಕೆಯಿಂದ ನುಂಗಿಕೊಳ್ಳುವವರೇ ಹೆಚ್ಚು, ಅದಕ್ಕೇ ಅದರ ಬಗ್ಗೆ ಬಿಡಿಸಿ ಮಾತಾಡಿದೆವು. ಈ ಕ್ಯಾನ್ಸರ್ ಬೆಳೆಯುವುದು ವೃಷಣದಲ್ಲಿ ತಯಾರಾಗುವ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರೋನ್ ಬಲದಿಂದ. ಅದನ್ನು ತಗ್ಗಿಸಲು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಇಂಜೆಕ್ಷನ್ ಇದೆ. ಇಲ್ಲವೇ ವೃಷಣ ತೆಗೆಯುವ ಆಪರೇಷನ್. ಆಪರೇಷನ್ ಒಂದೇ ಸಲದ ಖರ್ಚು, ಆದರೆ ಹಿಂದಿರುಗಿಸಲಾಗದ್ದು. ಎರಡರಲ್ಲೂ ಮೈ ಬಿಸಿಯೇರುವುದು, ಲೈಂಗಿಕ ಆಸಕ್ತಿ ಕುಗ್ಗುವುದು, ಮೂಳೆ ಸವೆಯುವುದು ಆಗಬಹುದು. ಜೊತೆಗೆ ಮಾತ್ರೆ ಬೇಕೇ, ತಿಂಗಳಿಗೆ ಎಷ್ಟಾಗುತ್ತದೆ, ಇದನ್ನೂ ಕೇಳಿ. ಆ ಮಾತಿಗೆ ಹೆಂಡತಿ ಇರಬೇಕೇ ಬೇಡವೇ ಎಂಬುದು ನಿಮ್ಮಿಷ್ಟ. ಎಷ್ಟು ತಿಳಿಯಬೇಕು ಅನ್ನಿಸುತ್ತದೋ ಅದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಮಗನಿಗೆ ಡಾಕ್ಟರ ಮಾತು ಬರೆದುಕೊಳ್ಳುವ ಕೆಲಸ ಕೊಟ್ಟೆ. ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಗಲೇ ಎಮರ್ಜೆನ್ಸಿಗೆ ಕರೆತರಬೇಕೆಂದೂ ಹೇಳಿದೆ. ಬೆನ್ನುಹುರಿ ಒತ್ತಿಹೋದರೆ ಗಂಟೆಗಳೂ ಮುಖ್ಯ.

ಮುಂದಿನ ವಾರ ಅವರು ಕೇಳಿಕೊಂಡಿದ್ದರಿಂದ ನಾನೂ ಜೊತೆಗೆ ಹೋದೆ. ಪೂರ್ತಿ ಗುಣವಾಗುವುದಿಲ್ಲ, ಆದರೆ ಹತೋಟಿಯಲ್ಲಿಡಬಹುದು, ಸೊಂಟನೋವಿಗೆ ರೇಡಿಯೇಷನ್ ಕೊಡಬಹುದು ಎಂದರು ಡಾಕ್ಟರ್. ಇಂಜೆಕ್ಷನ್ನೇ ಸಾಕೆಂದು ಅಪ್ಪನೇ ಆರಿಸಿಕೊಂಡರು. ಮೂರನೇ ಸಾಲಿಗೆ ಬಂದಾಗ ಮಗನ ಮುಖ ನೋಡಿದರು, ಹಾಳೆ ಮಡಚಿ ಜೇಬಿಗಿಟ್ಟರು.

"ಇದನ್ನ ಇನ್ನೊಂದ್ಸಲ ಕೇಳ್ತೀನಿ ಡಾಕ್ಟ್ರೇ."