ಕ್ಯಾಲ್ಕುಲೇಟರ್ ಕೊಳ್ಳುವ ಮೊದಲು ಹಳೆಯ ಪ್ರಶ್ನೆಪತ್ರಿಕೆ ನೋಡಿ

ಪಿಯು ಸೈನ್ಸ್ ದಾಖಲಾತಿ ಮುಗಿಯುತ್ತಿದ್ದ ಹಾಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಪ್ರತಿ ವರ್ಷ ಬರುತ್ತದೆ. ತುಮಕೂರಿನ ಲ್ಯಾಬಿನಲ್ಲಿ ಮಕ್ಕಳ ರೆಕಾರ್ಡ್ ತಿದ್ದುವ ಭೌತಶಾಸ್ತ್ರದ ಉಪನ್ಯಾಸಕನಾಗಿ ಈ ಸಲ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಮಗಳು ಫಸ್ಟ್ ಪಿಯುಸಿ ಸೈನ್ಸ್ ಸೇರಿದ್ದಾಳೆ. ಕ್ಯಾಸಿಯೋ 82 ಎಂಎಸ್ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೇಳಿದರೆ ಅಂಗಡಿಯವರು ಅದೇ ಕಂಪನಿಯ 991 ಮಾಡೆಲ್ ತೋರಿಸಿ, "ಜೆಇಇಗೆ ಇದೇ ಬೇಕು" ಅಂದರು. ಯಾವುದು ತೆಗೆಯಲಿ ಸರ್? (ಗುಬ್ಬಿಯ ಒಬ್ಬ ತಂದೆ)

ಉತ್ತರ: ಜೆಇಇಗೆ ಯಾವ ಕ್ಯಾಲ್ಕುಲೇಟರೂ ಬೇಡ. ಒಳಗೆ ಬಿಡುವುದೇ ಇಲ್ಲ. ನೀಟ್‌ಗೂ ಇಲ್ಲ, ಸಿಇಟಿಗೂ ಇಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಲೆಕ್ಕವೆಲ್ಲ ಕೈಯಲ್ಲೇ. "ಜೆಇಇ ಮಾಡೆಲ್" ಎಂದು ಹೇಳಿ ಮಾರುವವರು ನಿಮ್ಮ ಆತಂಕವನ್ನು ದುಡ್ಡು ಮಾಡಿಕೊಳ್ಳುತ್ತಿದ್ದಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ಬೋರ್ಡ್ ಪರೀಕ್ಷೆ. ಸೆಕೆಂಡ್ ಪಿಯುಸಿ ರಸಾಯನಶಾಸ್ತ್ರದ ಹಳೆಯ ಪತ್ರಿಕೆ ತೆಗೆದು ಮೇಲಿನ ಸೂಚನೆ ಓದಿ. ಲಾಗ್ ಟೇಬಲ್ ಮತ್ತು ಸಾದಾ ಕ್ಯಾಲ್ಕುಲೇಟರ್ ಬಳಸಬಹುದು, ಸೈಂಟಿಫಿಕ್ ಬಳಸುವಂತಿಲ್ಲ ಎಂದು ಅಲ್ಲೇ ಅಚ್ಚಾಗಿದೆ. ಅಂದರೆ ನೀವು ಕೊಡಿಸುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇರುವುದು ಮುಖ್ಯವಾಗಿ ಲ್ಯಾಬಿಗೆ, ಮನೆಯ ಲೆಕ್ಕಕ್ಕೆ. ಅದಕ್ಕೆ 82 ಎಂಎಸ್ ಧಾರಾಳ ಸಾಕು. 991ಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ದುಡ್ಡು. ಅದರಲ್ಲಿ ಮ್ಯಾಟ್ರಿಕ್ಸ್, ಸಮೀಕರಣ, ಇಂಟಿಗ್ರೇಷನ್ ಎಲ್ಲ ಇದೆ, ನಿಜ. ಆದರೆ 1/x ಅನ್ನು 1ರಿಂದ 2ರವರೆಗೆ ಇಂಟಿಗ್ರೇಟ್ ಮಾಡು ಅಂದರೆ ಅದು 0.693147 ಎಂದು ತೋರಿಸಿ ಸುಮ್ಮನಾಗುತ್ತದೆ. ಪರೀಕ್ಷೆಯಲ್ಲಿ ಬೇಕಾಗಿರುವುದು ಹಂತಗಳು, ಕೊನೆಗೆ log 2. ಮಗು ಹಂತ ಕಲಿಯುವ ವಯಸ್ಸಿನಲ್ಲಿ ಉತ್ತರ ಉದುರಿಸುವ ಯಂತ್ರ ಕೊಡಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ಆ log 2 ಎಂಬುದರಲ್ಲೇ ಎಡವುವ ಜಾಗ ಒಂದಿದೆ. ಪಿಯು ಗಣಿತದ ಪುಸ್ತಕದಲ್ಲಿ ಕ್ಯಾಲ್ಕುಲಸ್ ಪಾಠದ log ಎಂದರೆ ಕ್ಯಾಲ್ಕುಲೇಟರಿನ ln ಕೀಲಿ, ಅಂದರೆ e ಆಧಾರದ ಲಾಗ್. ರಸಾಯನಶಾಸ್ತ್ರದ pH ಲೆಕ್ಕದಲ್ಲಾದರೆ 10ರ ಆಧಾರದ log ಕೀಲಿಯನ್ನೇ ಒತ್ತಬೇಕು. ತಪ್ಪಿ ಒತ್ತಿದರೆ 0.6931 ಬರಬೇಕಾದ ಕಡೆ 0.3010 ಬರುತ್ತದೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಮಾಡೆಲ್‌ಗಿಂತ ಜಾಸ್ತಿ ಅಂಕ ತಿನ್ನುವುದು ಕೋನ ಅಳೆಯುವ ಎರಡು ಮಾನಗಳ, ಅಂದರೆ ಡಿಗ್ರಿ-ರೇಡಿಯನ್ ಗೊಂದಲ. ಪ್ರಿಸಂ ಪ್ರಯೋಗವನ್ನೇ ತೆಗೆದುಕೊಳ್ಳಿ. ಪ್ರಿಸಂ ಕೋನ 60 ಡಿಗ್ರಿ, ಕನಿಷ್ಠ ವಿಚಲನೆ 39 ಡಿಗ್ರಿ ಬಂತು ಅಂತಿಟ್ಟುಕೊಳ್ಳಿ. ಎರಡರ ಮೊತ್ತದ ಅರ್ಧ 49.5, ಪ್ರಿಸಂ ಕೋನದ ಅರ್ಧ 30. ಗಾಜಿನ ವಕ್ರೀಭವನ ಸೂಚ್ಯಂಕಕ್ಕೆ sin 49.5 ಅನ್ನು sin 30ರಿಂದ ಭಾಗಿಸಬೇಕು, 1.52 ಬರಬೇಕು. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದ್ದರೆ 0.70 ಬರುತ್ತದೆ. ಗಾಳಿಯಲ್ಲಿಟ್ಟ ಗಾಜಿನ ವಕ್ರೀಭವನ ಸೂಚ್ಯಂಕ ಒಂದಕ್ಕಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ, ಅಲ್ವಾ? ಆದರೂ ಮಕ್ಕಳು ಅದನ್ನೇ ನೀಟಾಗಿ ರೆಕಾರ್ಡಿಗೆ ಇಳಿಸಿ, ಕೆಳಗೆ ಎರಡು ಗೆರೆ ಎಳೆದು ತರುತ್ತಾರೆ. ಹಾಗಾಗಿ ಕೂತ ತಕ್ಷಣ sin 30 ಒತ್ತಿ ನೋಡಿ. 0.5 ಬಂದರೆ ಮುಂದುವರಿಯಿರಿ. -0.988 ಬಂದರೆ ರೇಡಿಯನ್. 0.4539 ಬಂದರೆ ಯಾರೋ ಗ್ರಾಡ್‌ಗೆ (ಲಂಬಕೋನವನ್ನು ನೂರು ಭಾಗ ಮಾಡುವ ಮಾನ) ಹಾಕಿಟ್ಟಿದ್ದಾರೆ. 82 ಎಂಎಸ್‌ನಲ್ಲಿ MODE ಎರಡು ಸಲ ಒತ್ತಿ 1 ಒತ್ತಿದರೆ ಡಿಗ್ರಿ, ಪರದೆಯ ಮೇಲೆ ಚಿಕ್ಕದಾಗಿ D ಕಾಣುತ್ತದೆ.

ಸರಿಯಾಗಿ ಬಂದ ಮೇಲೂ 1.520811 ಎಂದು ಪರದೆಯಲ್ಲಿದ್ದದ್ದನ್ನೆಲ್ಲ ಬರೆಯಬೇಡಿ. ಪ್ರೊಟ್ರಾಕ್ಟರಿನಲ್ಲಿ ಅಳೆದ ಕೋನದಿಂದ ಅಷ್ಟು ಅಂಕಿ ಹುಟ್ಟುವುದಿಲ್ಲ. 1.52 ಸಾಕು.

ಇನ್ನೊಂದು, EXP ಕೀಲಿ. "× 10ರ ಘಾತ" ಎಂಬುದು ಅದರೊಳಗೇ ಇದೆ. ಅವೊಗಾಡ್ರೊ ಸಂಖ್ಯೆಗೆ 6.022 EXP 23 ಅಷ್ಟೇ. ಮಧ್ಯೆ "× 10" ಒತ್ತಿದರೆ ಉತ್ತರ ಹತ್ತು ಪಟ್ಟು ಹಿಗ್ಗುತ್ತದೆ.

ಕೊನೆಗೆ, ಯಾರೂ ಯೋಚಿಸದ ವಿಷಯ. ಎರಡು ವರ್ಷ ಸೈಂಟಿಫಿಕ್‌ನಲ್ಲಿ ಕೈ ಪಳಗಿದ ಮಗು ಪರೀಕ್ಷೆಗೆ ಕಿರಾಣಿ ಅಂಗಡಿಯ ಸಾದಾ ಕ್ಯಾಲ್ಕುಲೇಟರ್ ಹಿಡಿದು ಹೋಗುತ್ತದೆ. ಅದರಲ್ಲಿ 2 + 3 × 4 ಒತ್ತಿದರೆ 20 ಬರುತ್ತದೆ, ಸೈಂಟಿಫಿಕ್‌ನಲ್ಲಿ 14. ಸಾದಾದಲ್ಲಿ ಸಂಖ್ಯೆ ಒತ್ತಿದ ಮೇಲೆ ವರ್ಗಮೂಲದ ಕೀಲಿ, ಸೈಂಟಿಫಿಕ್‌ನಲ್ಲಿ ಮೊದಲೇ. ಗಡಿಬಿಡಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಪ್ರಿಪರೇಟರಿ ಪರೀಕ್ಷೆಗೆ ಮೊದಲೇ ಸೈಂಟಿಫಿಕ್ ಎತ್ತಿಡಿಸಿ, ರಸಾಯನಶಾಸ್ತ್ರದ ಲೆಕ್ಕವನ್ನೆಲ್ಲ ಸಾದಾ ಕ್ಯಾಲ್ಕುಲೇಟರ್ ಮತ್ತು ಲಾಗ್ ಟೇಬಲ್ಲಿನಲ್ಲೇ ಮಾಡಿಸಿ. ಹೈಡ್ರೋಜನ್ ಅಯಾನಿನ ಸಾಂದ್ರತೆ (ಕಾನ್ಸಂಟ್ರೇಷನ್) 2.5 × 10ರ ಘಾತ -4 ಎಂದು ಕೊಟ್ಟರೆ ಟೇಬಲ್ಲಿನಲ್ಲಿ 0.3979 ಹುಡುಕಿ, 4ರಲ್ಲಿ ಕಳೆದು, pH 3.60 ಎಂದು ಮಗಳು ತಡವರಿಸದೆ ಹೇಳುವಂತಾಗಬೇಕು.

ಪ್ರಶ್ನೆ: ವೇದಿಕ್ ಮ್ಯಾಥ್ಸ್ ಕಲಿತರೆ ಕ್ಯಾಲ್ಕುಲೇಟರೇ ಬೇಡವಂತೆ, ಹೌದಾ? (ಶಿರಾ)

ಉತ್ತರ: ಗುಣಾಕಾರದ ಕೆಲವು ಉಪಾಯ ಸಿಗುತ್ತವೆ, sin 49.5 ಸಿಗುವುದಿಲ್ಲ. ಆ ಫೀಸನ್ನು ಉಳಿಸಿ, ಮಗ್ಗಿ ಗಟ್ಟಿ ಮಾಡಿಸಿ.

ಪ್ರಶ್ನೆ: ಮೊಬೈಲಿನಲ್ಲೇ ಕ್ಯಾಲ್ಕುಲೇಟರ್ ಇದೆಯಲ್ಲ? (ತಿಪಟೂರು)

ಉತ್ತರ: ಲ್ಯಾಬಿನೊಳಗೆ ಮೊಬೈಲ್ ತಂದರೆ ನಾನು ಎತ್ತಿಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಫುಟ್‌ಪಾತಿನಲ್ಲಿ ಅರ್ಧ ಬೆಲೆಗೆ ಅದೇ ಕಂಪನಿಯದು ಸಿಗುತ್ತಿದೆ. (ಕುಣಿಗಲ್)

ಉತ್ತರ: ಅದೇ ಕಂಪನಿಯದಲ್ಲ, ಹೆಸರು ಮಾತ್ರ ಅದೇ. ನಕಲಿಯಲ್ಲಿ ಕೀಲಿ ಒತ್ತಿದ್ದು ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಬಿಲ್ ಮತ್ತು ವಾರಂಟಿ ಕೊಡುವ ಅಂಗಡಿಯಲ್ಲೇ ತೆಗೆಯಿರಿ. ಅಲ್ಲೇ ನಿಂತು ಎಲ್ಲ ಕೀಲಿ ಒತ್ತಿ ನೋಡಿ.

ಪ್ರಶ್ನೆ: ಮುಂದೆ ಎಂಜಿನಿಯರಿಂಗ್ ಮಾಡಿಸುತ್ತೇವೆ, 991 ಈಗಲೇ ತೆಗೆದಿಡಬಹುದಾ? (ಮಧುಗಿರಿ)

ಉತ್ತರ: ಸೀಟು ಸಿಕ್ಕ ಮೇಲೆ ಕಾಲೇಜಿನಲ್ಲಿ ಕೇಳಿ ತೆಗೆಯಿರಿ. ಎಂಜಿನಿಯರಿಂಗ್ ಮುಗಿಸುವ ಹೊತ್ತಿಗೆ ಬರೆಯುವ ಗೇಟ್ ಪರೀಕ್ಷೆಗಂತೂ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಕಂಪ್ಯೂಟರ್ ಪರದೆಯಲ್ಲೇ ಒಂದು ಕೊಟ್ಟಿರುತ್ತಾರೆ.